ಆಗಿದ್ದರೆ ಅಂದರೆ, ಆಯ್ತಾ?

ಒಂದು ಭಾನುವಾರ ರಾತ್ರಿ 11 ಗಂಟೆಗೆ ಮೇಲ್ ಕಳಿಸಿ, ಲ್ಯಾಪ್‌ಟಾಪ್ ಮುಚ್ಚಿ, ನೆಮ್ಮದಿಯಾಗಿ ಮಲಗಿದೆ. ನಾಲ್ಕೇ ಸಾಲಿನ ಮೇಲ್. ಎರಡನೇ ಸಾಲು ಹೀಗಿತ್ತು:

"ಇಫ್ ದ ಸ್ಕ್ರಿಪ್ಟ್ ರ್‍ಯಾನ್ ಆನ್ ಸ್ಯಾಟರ್ಡೇ, ಡುಪ್ಲಿಕೇಟ್ ಎಂಟ್ರೀಸ್ ವರ್ ಕ್ರಿಯೇಟೆಡ್."

(ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೀತಿದ್ದೀನಿ. ಐದನೇ ಕ್ಲಾಸಲ್ಲಿ ಇಂಗ್ಲಿಷ್ ಪದ್ಯದ ಮೇಲೆ ಪೆನ್ಸಿಲಲ್ಲಿ ಕನ್ನಡ ಬರ್ಕೊಂಡು ಬಾಯಿಪಾಠ ಮಾಡಿದವರಿಗೆ ಇದೇನೂ ಹೊಸದಲ್ಲ. ಉಳಿದವರು ಸ್ವಲ್ಪ ಜೋರಾಗಿ ಓದ್ಕೊಳ್ಳಿ, ಅರ್ಥ ಆಗುತ್ತೆ.)

ನನ್ನ ತಲೆಯಲ್ಲಿ ಇದ್ದದ್ದು ಇಷ್ಟು: "ಶನಿವಾರ ಸ್ಕ್ರಿಪ್ಟ್ ರನ್ ಆಗಿದ್ದರೆ ಡುಪ್ಲಿಕೇಟ್ ಎಂಟ್ರಿ ಆಗ್ತಿತ್ತು." ಅಂದರೆ ರನ್ ಆಗಲಿಲ್ಲ, ಡುಪ್ಲಿಕೇಟೂ ಆಗಲಿಲ್ಲ, ದೇವರು ದೊಡ್ಡವನು, ಬಚಾವಾದೆವು. ಕನ್ನಡದಲ್ಲಿ ಇದನ್ನ ಯಾರಿಗೆ ಹೇಳಿದರೂ "ಸದ್ಯ!" ಅಂತಾರೆ.

ಇಂಗ್ಲಿಷಲ್ಲಿ ಓದಿದವರು "ಸದ್ಯ" ಅನ್ನಲಿಲ್ಲ.

ಆಗಿದ್ದೇನು ಅಂತ ಮೊದಲು ಹೇಳಿಬಿಡ್ತೀನಿ. ನಮ್ಮ ಕ್ಲೈಂಟ್ ಅಮೆರಿಕದವರು. ಅವರ ಆರ್ಡರ್‌ಗಳ ಲೆಕ್ಕ ಹೊಂದಿಸೋ ಒಂದು ಸ್ಕ್ರಿಪ್ಟ್ ವಾರಕ್ಕೊಮ್ಮೆ, ನಮ್ಮ ಶನಿವಾರ ಮಧ್ಯಾಹ್ನ, ತಾನಾಗೇ ರನ್ ಆಗುತ್ತೆ. ಶುಕ್ರವಾರ ನಾವು ಹಾಕಿದ ಹೊಸ ಕೋಡಲ್ಲಿ ಒಂದು ತಪ್ಪಿತ್ತು. ಟೀಮಿಗೆ ಸೇರಿ ಇನ್ನೂ ಐದು ತಿಂಗಳಾಗಿದ್ದ ಹುಡುಗ, ಹಾಸನದ ಕಡೆಯವನು, ಶನಿವಾರ ಬೆಳಿಗ್ಗೆ ಯಾರೂ ಕೇಳದೇ ಇದ್ರೂ ಲಾಗಿನ್ ಆಗಿ ನೋಡಿ, ಅನುಮಾನ ಬಂದು, ಮಧ್ಯಾಹ್ನದ ರನ್ ನಿಲ್ಲಿಸಿ ನನಗೆ ಫೋನ್ ಮಾಡಿದ್ದ. "ಅಕ್ಕಾ, ನಿಲ್ಲಿಸಿಬಿಟ್ಟಿದ್ದೀನಿ, ಸರಿ ತಾನೇ?" ಅಂತ. ಸರಿ ಅಲ್ಲದೆ ಇನ್ನೇನು? ಅವನು ನಿಲ್ಲಿಸದೇ ಇದ್ದಿದ್ದರೆ ಸೋಮವಾರ ನಾವೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿರ್ತಿದ್ವಿ.

ಮೇಲ್ ಬರೆಯೋ ಕೆಲಸ ನನ್ನದು. ಸೀನಿಯರ್ ಅಲ್ವಾ. ಮೊದಲ ಸಾಲಲ್ಲಿ ಕೋಡಿನ ತಪ್ಪು ಬರೆದೆ. ಎರಡನೆಯದು ಮೇಲಿನ ಇಫ್. ಮೂರನೆಯದು, "ಅವನು ಜಾಬ್ ನಿಲ್ಲಿಸಿದ್ದಾನೆ". ಯಾವಾಗ ನಿಲ್ಲಿಸಿದ ಅಂತ ಬರೆಯಲಿಲ್ಲ. ನನಗೆ ಗೊತ್ತಿತ್ತಲ್ಲ, ಅವರಿಗೂ ಗೊತ್ತಿರುತ್ತೆ ಅಂದ್ಕೊಂಡೆ. ನಾಲ್ಕನೇ ಸಾಲು ಥ್ಯಾಂಕ್ಸ್.

ನಾನು ಮಲಗಿದ ಹೊತ್ತು ಅವರಿಗೆ ಭಾನುವಾರ ಮಧ್ಯಾಹ್ನ. ಅವರ ಡೇಟಾ ಟೀಮಿನವರು ರಜದ ದಿನ ಕೂತು ಶನಿವಾರದ ಆರ್ಡರ್‌ಗಳನ್ನೆಲ್ಲ ಒಂದೊಂದಾಗಿ ಪರಿಶೀಲಿಸಿದ್ದರು. ಸೋಮವಾರ ಬೆಳಿಗ್ಗೆ ಆ ಮೇಲ್ ನೋಡಿ, ಎಷ್ಟು ಶ್ರದ್ಧೆಯ ಜನ ಅಂತ ಮೆಚ್ಚಿಕೊಂಡು "ಥ್ಯಾಂಕ್ಸ್ ಫಾರ್ ಚೆಕಿಂಗ್" ಅಂತ ಉತ್ತರ ಬೇರೆ ಕೊಟ್ಟೆ! ಈಗ ನೆನೆಸಿಕೊಂಡರೆ ಮುಖ ಮುಚ್ಕೊಳ್ಳೋ ಹಾಗಾಗುತ್ತೆ.

ಸಂಜೆ 7:30ರ ಕಾಲ್‌ಗೆ ಆ ಹುಡುಗನನ್ನೂ ಕರೀರಿ ಅಂತ ಮ್ಯಾನೇಜರ್ ಹೇಳಿದ್ದರು. ಹೊಗಳೋಕೆ ಇರಬೇಕು ಅಂದ್ಕೊಂಡೆ. ಅವನೂ ಹಾಗೇ ಅಂದ್ಕೊಂಡಿದ್ದ, ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು ಬಂದಿದ್ದ. ಕಾಲ್ ಶುರುವಾದ ಎರಡನೇ ನಿಮಿಷಕ್ಕೆ ಪ್ರಶ್ನೆ ಬಂತು: ತಪ್ಪಿದೆ ಅಂತ ಗೊತ್ತಿದ್ದೂ ಶನಿವಾರ ಜಾಬ್ ರನ್ ಆಗೋಕೆ ಯಾಕೆ ಬಿಟ್ಟೆ, ಆಮೇಲೆ ಯಾಕೆ ನಿಲ್ಲಿಸಿದೆ?

ಅವನು ಬೆವತುಹೋದ. ಅವನೂ ನನ್ನ ಹಾಗೇ ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಹೇಳಿದ್ದು ಇದು: "ಸರ್, ಇಫ್ ಐ ಡಿಡ್ ನಾಟ್ ಸ್ಟಾಪ್, ಇಟ್ ವಾಸ್ ರನ್ನಿಂಗ್." ನಿಲ್ಲಿಸದಿದ್ದರೆ ರನ್ ಆಗ್ತಿತ್ತು. ನನಗೆ ಅದು ಸ್ಫಟಿಕದ ಹಾಗೆ ಸ್ಪಷ್ಟ. ಅವರ ಕಿವಿಗೆ ಬಿದ್ದದ್ದು "ಇಟ್ ವಾಸ್ ರನ್ನಿಂಗ್" ಮಾತ್ರ. ರನ್ ಆಗ್ತಾ ಇತ್ತು. ಒಪ್ಪಿಕೊಂಡ ಹಾಗಾಯ್ತು.

ನಾನು? ನಾನು ಸುಮ್ಮನಿದ್ದೆ. ಇದನ್ನ ಬರೆಯೋದು ಬೇಡ ಅಂತ ಎರಡು ಸಲ ಅನ್ನಿಸ್ತು, ಆದ್ರೂ ಬರೀತಿದ್ದೀನಿ. ಅವರು ಯಾಕೆ ಹಾಗೆ ಕೇಳ್ತಿದ್ದಾರೆ ಅಂತಲೇ ನನಗೆ ಹೊಳೆಯಲಿಲ್ಲ. ನನ್ನ ವಾಕ್ಯದಲ್ಲಿ ತಪ್ಪಿದೆ ಅಂತ ಗೊತ್ತಾಗಲಿಲ್ಲ. ಹುಡುಗ ಬೇರೇನೋ ಎಡವಟ್ಟು ಮಾಡಿ ನನಗೆ ಹೇಳಿಲ್ಲವೇನೋ ಅಂತ ಅರ್ಧ ನಿಮಿಷ ಅವನ ಮೇಲೇ ಅನುಮಾನ ಪಟ್ಟೆ.

ಕೊನೆಗೆ ಕ್ಲೈಂಟ್ ಕಡೆಯ ಒಬ್ಬ ಹೆಂಗಸು, ಅಲ್ಲಿಯವರೆಗೆ ಮಾತೇ ಆಡದವರು, ನಿಧಾನಕ್ಕೆ ಕೇಳಿದರು: "ಡಿಡ್ ಇಟ್ ರನ್, ಆರ್ ಡಿಡ್ ಇಟ್ ನಾಟ್ ರನ್?"

"ನೋ ಮೇಡಂ. ಡಿಡ್ ನಾಟ್ ರನ್."

ಆಮೇಲೆ ಕಾಲ್‌ನಲ್ಲಿ ಒಂದಷ್ಟು ಹೊತ್ತು ಯಾರೂ ಮಾತಾಡಲಿಲ್ಲ.

ಅವತ್ತು ರಾತ್ರಿಯೇ ಇನ್ನೊಂದು ಮೇಲ್ ಹಾಕಿ, ತಪ್ಪು ನನ್ನ ವಾಕ್ಯದ್ದು, ಹುಡುಗ ಕಾಪಾಡಿದವನು ಅಂತ ಬರೆದೆ. ಅವರು ಸೌಜನ್ಯದಿಂದಲೇ ಉತ್ತರ ಬರೆದರು. ಆದರೆ ಹುಡುಗ ಮೂರು ದಿನ ನನ್ನ ಜೊತೆ ಟೀಗೆ ಬರಲಿಲ್ಲ. ಕೇಳಿದರೆ "ಬಿಡಿ ಅಕ್ಕ" ಅಂದ. ಅವನ ಪ್ರೊಬೇಶನ್ ಮುಗಿದು ಕನ್ಫರ್ಮ್ ಆಗೋದು ಒಂದು ತಿಂಗಳು ತಡವಾಯ್ತು. ಅದಕ್ಕೆ ಇದೇ ಕಾರಣ ಅಂತ ಯಾರೂ ಹೇಳಿಲ್ಲ, ಬೇರೆ ಕಾರಣ ಇದ್ರೂ ಇರಬಹುದು. ಆದ್ರೆ ನಾನು ಹಾಗಂತ ನಂಬೋಕೆ ಆಗಿಲ್ಲ.

ಅದಕ್ಕೇ ಮೂವತ್ತರ ವಯಸ್ಸಲ್ಲಿ, ಇಂಜಿನಿಯರಿಂಗ್ ಡಿಗ್ರಿ ಕಪಾಟಿನಲ್ಲಿ ಇಟ್ಕೊಂಡು, ಮತ್ತೆ ಗ್ರಾಮರ್ ಪುಸ್ತಕ ತೆಗೆದೆ.

ಮನೇಲಿ ಕಾಲೇಜಿನ ಕಾಲದ ರೆನ್ ಅಂಡ್ ಮಾರ್ಟಿನ್ ಇತ್ತು, ಅಮ್ಮ ಅದರಡಿಯಲ್ಲಿ ನೋಟು ಇಡ್ತಿದ್ದ ದಪ್ಪ ಪುಸ್ತಕ. ಜೊತೆಗೆ ಅವೆನ್ಯೂ ರಸ್ತೆಯಲ್ಲಿ ಹಳೇದೊಂದು ರೇಮಂಡ್ ಮರ್ಫಿ ತಗೊಂಡೆ. 1985ರಲ್ಲಿ ಮೊದಲು ಬಂದ, ಕೇಂಬ್ರಿಡ್ಜ್‌ನವರ ನೀಲಿ ರಟ್ಟಿನ ಪುಸ್ತಕ. ಎಡಗಡೆ ಪುಟದಲ್ಲಿ ಪಾಠ, ಬಲಗಡೆ ಅಭ್ಯಾಸ. ನನ್ನದರಲ್ಲಿ ಬಲಗಡೆ ಪುಟಗಳೆಲ್ಲ ಯಾರೋ ಮೊದಲೇ ತುಂಬಿಟ್ಟಿದ್ದರು. ಅರ್ಧ ಉತ್ತರ ತಪ್ಪು. ಅದೂ ಒಂಥರಾ ಸಮಾಧಾನ.

ಆ ಪುಟಗಳನ್ನ ಓದ್ತಾ ನನಗೆ ಮೊದಲು ಬಂದದ್ದು ಸಿಟ್ಟು. ಇದನ್ನೆಲ್ಲ ಓದಿದ್ದೆ ನಾನು! ಎಸ್ಸೆಸ್ಸೆಲ್ಸಿಗೆ "ಇಫ್ ಐ ವರ್ ಎ ಬರ್ಡ್" ಅಂತ ಹಕ್ಕಿಯಾಗಿ ಎಷ್ಟು ಸಲ ಹಾರಿಲ್ಲ? ಬಿಟ್ಟ ಸ್ಥಳ ತುಂಬಿ ಮಾರ್ಕ್ಸ್ ತಗೊಂಡಿದ್ದೀನಿ. ಝೀರೋ, ಫಸ್ಟ್, ಸೆಕೆಂಡ್, ಥರ್ಡ್ ಅಂತ ನಂಬರ್ ಹಾಕಿ ಕಲಿಸ್ತಾರೆ, ಲಿಫ್ಟಿನ ಬಟನ್ ಥರ. ಯಾವ ಮಹಡಿಯಲ್ಲಿ ಯಾರಿದ್ದಾರೆ ಅಂತ ಮಾತ್ರ ಹೇಳಲ್ಲ.

ಆಮೇಲೆ ಕೆಲಸ ಸಿಕ್ಕಿತು. ಅಲ್ಲಿ ದಿನಕ್ಕೆ ನೂರು ಇಫ್ ಬರೀತೀವಿ, ಆದರೆ ಅದು ಕೋಡಿನ ಇಫ್. ಕೋಡಿನ ಇಫ್‌ಗೆ ಒಂದೇ ಪ್ರಶ್ನೆ: ಈಗ, ಈ ಕ್ಷಣ, ಹೌದಾ ಅಲ್ವಾ? ಹೌದಾದ್ರೆ ಇಲ್ಲಿ ಹೋಗು, ಇಲ್ಲ ಅಂದ್ರೆ ಎಲ್ಸ್‌ಗೆ ಹೋಗು. ನಿನ್ನೆ ಹಿಂಗಾಗಿದ್ದಿದ್ರೆ ಇವತ್ತು ಹಂಗಿರ್ತಿತ್ತು ಅಂತ ಕಂಪ್ಯೂಟರ್ ಕೊರಗಲ್ಲ. ಆಗದೇ ಇದ್ದದ್ದರ ಬಗ್ಗೆ ಮಾತಾಡೋ ಇಫ್ ಜಾವಾದಲ್ಲಿ ಇಲ್ಲ. ಹತ್ತು ವರ್ಷ ಅದನ್ನೇ ಬರೆದ ಕೈಗೆ ಎಲ್ಲ ಇಫ್ಪೂ ಒಂದೇ ಥರ ಕಾಣಿಸ್ತಿತ್ತೋ ಏನೋ.

ಆದರೆ ನಿಜವಾದ ಕಾರಣ ಕೋಡಲ್ಲ, ಕನ್ನಡ. ಕನ್ನಡದ ತಪ್ಪು ಅಂತ ಹೇಳ್ತಿಲ್ಲ, ಜಗಳಕ್ಕೆ ಬರಬೇಡಿ! ನಮ್ಮ ಭಾಷೆಯ ಅಂದವಾದ ಒಂದು ಅಭ್ಯಾಸವನ್ನ ಇಂಗ್ಲಿಷಿಗೆ ಹಾಗೇ ಹೊತ್ಕೊಂಡು ಹೋಗ್ತೀವಿ.

ಈ ಎರಡು ವಾಕ್ಯ ನೋಡಿ:

"ಅವನು ಊಟ ಮಾಡಿದ್ದರೆ ತಟ್ಟೆ ತೊಳೆದಿಡು."

"ಅವನು ಊಟ ಮಾಡಿದ್ದರೆ ಇಷ್ಟು ಹಸಿವಾಗ್ತಿರಲಿಲ್ಲ."

ಮೊದಲರ್ಧ ಎರಡರಲ್ಲೂ ಒಂದೇ, ಅಕ್ಷರ ಕೂಡ ಬದಲಾಗಿಲ್ಲ. ಆದರೆ ಮೊದಲನೆಯದರಲ್ಲಿ ಅವನು ಊಟ ಮಾಡಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಎರಡನೆಯದರಲ್ಲಿ ಅವನು ಊಟ ಮಾಡಿಲ್ಲ ಅಂತ ಖಂಡಿತ ಗೊತ್ತು. ಈ ವ್ಯತ್ಯಾಸ ಗೊತ್ತಾಗೋದು ವಾಕ್ಯ ಮುಗಿದಾಗ, ಕೊನೆಯ ಕ್ರಿಯಾಪದದಲ್ಲಿ. ಕನ್ನಡದಲ್ಲಿ ಹೇಗೂ ಕ್ರಿಯಾಪದ ಕೊನೆಯಲ್ಲೇ ಬರುತ್ತೆ, ಕೇಳೋರು ಕಾಯ್ತಾರೆ. ಬೇಕಾದ್ರೆ "ಮಾಡಿದ್ದಿದ್ದರೆ" ಅಂತ ಇನ್ನೊಂದು "ಇದ್ದ" ಸೇರಿಸಿ ಒತ್ತಿ ಹೇಳಬಹುದು. ಕಡ್ಡಾಯ ಏನಲ್ಲ.

ಇಂಗ್ಲಿಷ್ ಕಾಯಲ್ಲ. "ಇಫ್ ಹಿ ಹ್ಯಾಸ್ ಈಟನ್" ಅಂದರೆ ಗೊತ್ತಿಲ್ಲ ಅಂತ, "ಇಫ್ ಹಿ ಹ್ಯಾಡ್ ಈಟನ್" ಅಂದು ಹಿಂದೆ ವುಡ್ ಬಂದರೆ ಊಟ ಮಾಡಿಲ್ಲ ಅಂತ. ಎರಡು ಅರ್ಧಗಳಲ್ಲೂ ಗುರುತು ಬೇಕು. ನಾನು ಬರೆದ "ಇಫ್ ದ ಸ್ಕ್ರಿಪ್ಟ್ ರ್‍ಯಾನ್"ನಲ್ಲಿ ಆ ಗುರುತು ಒಂದೂ ಇಲ್ಲ. ಅದು ಸರಿಯಾದ ಇಂಗ್ಲಿಷ್ ವಾಕ್ಯವೇ, ಸ್ಪೆಲ್ ಚೆಕ್ ಕೆಂಪು ಗೆರೆ ಹಾಕಲಿಲ್ಲ. ಆದರೆ ಅದರ ಅರ್ಥ "ಶನಿವಾರ ರನ್ ಆಗಿದೆಯೋ ಏನೋ ಗೊತ್ತಿಲ್ಲ, ಆಗಿದ್ದರೆ ಮಾತ್ರ ಡುಪ್ಲಿಕೇಟ್ ಆಗಿವೆ" ಅಂತ. ಅದನ್ನ ಓದಿದ ಯಾರೇ ಆದರೂ ರಜದ ದಿನ ಎದ್ದು ಕೂರಲೇಬೇಕು. ಅವರ ತಪ್ಪು ಒಂದು ಚೂರೂ ಇಲ್ಲ.

ನಾನು ಬರೆಯಬೇಕಾಗಿದ್ದದ್ದು: "ಇಫ್ ದ ಸ್ಕ್ರಿಪ್ಟ್ ಹ್ಯಾಡ್ ರನ್ ಆನ್ ಸ್ಯಾಟರ್ಡೇ, ಡುಪ್ಲಿಕೇಟ್ ಎಂಟ್ರೀಸ್ ವುಡ್ ಹ್ಯಾವ್ ಬೀನ್ ಕ್ರಿಯೇಟೆಡ್." ಹ್ಯಾಡ್ ಒಂದು, ವುಡ್ ಹ್ಯಾವ್ ಒಂದು. ಇಷ್ಟಕ್ಕೆ ಒಬ್ಬ ಹುಡುಗನ ಒಂದು ತಿಂಗಳು.

ಇನ್ನು ಆ ಎರಡನೇ ಅರ್ಧ. ಹುಡುಗ "ಇಟ್ ವಾಸ್ ರನ್ನಿಂಗ್" ಅಂದನಲ್ಲ, ಅದು ಎಲ್ಲಿಂದ ಬಂತು? "ಹೋಗ್ತಿದ್ದೆ" ಅನ್ನೋ ಪದ ತಗೊಳ್ಳಿ. "ಚಿಕ್ಕವಳಿದ್ದಾಗ ವಾರವಾರ ಸಂತೆಗೆ ಹೋಗ್ತಿದ್ದೆ." "ನೀನು ಫೋನ್ ಮಾಡಿದಾಗ ಸಂತೆಗೆ ಹೋಗ್ತಿದ್ದೆ." "ಮೊದಲೇ ಹೇಳಿದ್ದಿದ್ರೆ ಸಂತೆಗೆ ಹೋಗ್ತಿದ್ದೆ." ಮೂರು ಸಲವೂ ಹೋಗ್ತಿದ್ದೆ. ಮೊದಲ ಎರಡರಲ್ಲಿ ನಿಜವಾಗಿ ಹೋಗಿದ್ದೀನಿ, ಮೂರನೆಯದರಲ್ಲಿ ಮನೆ ಬಿಟ್ಟು ಹೊರಟೇ ಇಲ್ಲ. ಶಾಲೆಯಲ್ಲಿ ನಮಗೆ "ಹೋಗುತ್ತಿದ್ದೆ ಅಂದರೆ ವಾಸ್ ಗೋಯಿಂಗ್" ಅಂತ ಒಂದೇ ಅರ್ಥ ಹೇಳಿಕೊಟ್ಟರು. ಮೂರನೇ ಹೋಗ್ತಿದ್ದೆಗೂ ನಾವು ಅದನ್ನೇ ಅಂಟಿಸ್ತೀವಿ. "ಇಫ್ ಯು ಟೋಲ್ಡ್ ಮಿ, ಐ ವಾಸ್ ಕಮಿಂಗ್" ಅನ್ನೋದು ಬೆಂಗಳೂರಿನ ಯಾವ ಆಫೀಸಲ್ಲಿ ಕೇಳಲ್ಲ ಹೇಳಿ?

ಮಜಾ ಏನು ಅಂದರೆ, ಇಂಗ್ಲಿಷಿನ ವುಡ್‌ಗೂ ಇಂಥದ್ದೇ ಎರಡು ಮುಖ. "ಎವ್ರಿ ಸಂಡೇ ಐ ವುಡ್ ಗೋ ಟು ದ ಮಾರ್ಕೆಟ್" ಅಂದರೆ ಪ್ರತಿ ಭಾನುವಾರ ಹೋಗ್ತಿದ್ದೆ ಅಂತಲೇ. ಹಾಗಾಗಿ ನಾನು ಈಗ ಮನಸ್ಸಲ್ಲಿ ಒಂದು ತಂತಿ ಬದಲಾಯಿಸಿಕೊಂಡಿದ್ದೀನಿ: ಆಗದೇ ಇದ್ದದ್ದರ ಬಗ್ಗೆ "ತಿದ್ದೆ" ಬಂದರೆ ವಾಸ್ ಅಲ್ಲ, ವುಡ್ ಹ್ಯಾವ್. ಅಷ್ಟೇ. ಇದನ್ನ ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಬಿಎಂಟಿಸಿ ಬಸ್ಸಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಾಕ್ಕೊಂಡಾಗ ಹೊಳೆದದ್ದು. ಅಲ್ಲಿ ಎಲ್ಲದಕ್ಕೂ ಟೈಮ್ ಇರುತ್ತೆ.

ಹಾಗಂತ ಥರ್ಡ್ ಕಂಡಿಷನಲ್ ಒಂದೇ ಕಷ್ಟ ಅಂತಲ್ಲ. ಉಳಿದವು ಅಷ್ಟು ಕೂಗಾಡಲ್ಲ, ಅಷ್ಟೇ.

ಝೀರೋ ನಮಗೆ ಹುಟ್ಟಿನಿಂದ ಗೊತ್ತು. "ಕೈ ಕೆಸರಾದರೆ ಬಾಯಿ ಮೊಸರು." ಯಾವಾಗಲೂ ನಿಜ, ಎರಡು ಕಡೆಯೂ ವರ್ತಮಾನ ಕಾಲ. "ಇಫ್ ದ ಡಿಸ್ಕ್ ಫಿಲ್ಸ್ ಅಪ್, ದ ಸರ್ವಿಸ್ ಸ್ಟಾಪ್ಸ್." ಮುಗೀತು.

ಫಸ್ಟ್‌ನಲ್ಲಿ ನಾವು ಮಾಡೋ ತಪ್ಪು ಒಂದೇ, "ಇಫ್ ಇಟ್ ವಿಲ್ ರೇನ್". ಇದು ನನಗೆ ನಿಜಕ್ಕೂ ಆಶ್ಚರ್ಯ. ಕನ್ನಡದಲ್ಲಿ ನಾವು "ನಾಳೆ ಮಳೆ ಬಂದರೆ ಮೆಟ್ರೋದಲ್ಲಿ ಹೋಗ್ತೀನಿ" ಅಂತೀವೇ ಹೊರತು "ಬರುವರೆ" ಅನ್ನಲ್ಲ. ಭವಿಷ್ಯತ್ ಕಾಲ ನಮ್ಮ "ರೆ" ಹತ್ತಿರ ಸುಳಿಯೋದೇ ಇಲ್ಲ. ಇಂಗ್ಲಿಷಲ್ಲೂ ಹಾಗೇ, "ಇಫ್ ಇಟ್ ರೇನ್ಸ್, ಐ ವಿಲ್ ಟೇಕ್ ದ ಮೆಟ್ರೋ". ಕನ್ನಡದ ಕಿವಿ ನಂಬಿದ್ದರೆ ಸಾಕಿತ್ತು. ನಾಳೆ ಅಂದರೆ ವಿಲ್ ಅಂತ ಬಾಯಿಪಾಠ ಮಾಡಿಸಿದ್ದಕ್ಕೆ ಕೆಟ್ಟೆವು.

ಸೆಕೆಂಡ್ ಕಂಡಿಷನಲ್ ಸಂಬಳದ ಮಾತುಕತೆಗೆ ಬೇಕಾಗುತ್ತೆ, ಗಮನ ಇಟ್ಟು ಓದಿ. "ಇಫ್ ಯು ಆಫರ್ 20, ಐ ವಿಲ್ ಜಾಯಿನ್" ಅಂದರೆ ಮೇಜು ಕುಟ್ಟಿ ಹೇಳಿದ ಹಾಗೆ. "ಇಫ್ ಯು ಆಫರ್ಡ್ 20, ಐ ವುಡ್ ಜಾಯಿನ್" ಅಂದರೆ ಒಂದು ಹೆಜ್ಜೆ ಹಿಂದೆ ನಿಂತು, ಕೊಟ್ಟರೆ ನೋಡೋಣ ಅನ್ನೋ ಹಾಗೆ. ಎರಡೂ ನಾಳೆಯ ಮಾತೇ. ಆಫರ್ಡ್ ಅಂತ ಭೂತಕಾಲ ಬಂದದ್ದು ಕಾಲಕ್ಕಲ್ಲ, ದೂರಕ್ಕೆ. ನಾವೂ ಮಾಡ್ತೀವಲ್ಲ: "ಸ್ವಲ್ಪ ನೋಡಿ" ಅನ್ನೋ ಬದಲು "ಸ್ವಲ್ಪ ನೋಡಿದ್ರೆ ಚೆನ್ನಾಗಿರ್ತಿತ್ತು" ಅಂತೀವಿ. ನೋಡಿದ, ನೋಡಿದರೆ. ಬಂದ, ಬಂದರೆ. ನಮ್ಮ "ರೆ" ಕೂತಿರೋದೇ ಭೂತಕಾಲದ ಹೆಗಲ ಮೇಲೆ. ಅದನ್ನ ಗಮನಿಸಿದ ದಿನ ಇಂಗ್ಲಿಷಿನ "ಇಫ್ ಐ ಹ್ಯಾಡ್ ಎ ಕಾರ್" ಮೇಲಿದ್ದ ಸಿಟ್ಟು ಅರ್ಧ ಇಳೀತು.

ನಮ್ಮ ಗಾದೆಗಳಂತೂ ಇನ್ನೂ ಧೈರ್ಯಸ್ಥರು. ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ. ಬರೀ "ಬಂದರೆ"! ಬರಲ್ಲ ಅಂತ ವಾಕ್ಯದಲ್ಲಿ ಎಲ್ಲೂ ಇಲ್ಲ, ಕೇಳೋರು ಚಿಕ್ಕಮ್ಮನ ಮುಖ ನೆನೆಸ್ಕೊಂಡು ಅರ್ಥ ಮಾಡ್ಕೋಬೇಕು. ಇಂಗ್ಲಿಷಿಗೆ ಆ ನಂಬಿಕೆ ಇಲ್ಲ, ಹ್ಯಾಡ್ ಮತ್ತು ವುಡ್ ಹಾಕಿ ಚಿಕ್ಕಮ್ಮನಿಗೆ ಮೀಸೆ ಇಲ್ಲ ಅಂತ ಬರೆದುಕೊಡಬೇಕು. ಇನ್ನೊಂದು, "ಬೆಳಗಾದರೆ ಹಬ್ಬ, ಇನ್ನೂ ಹೂವು ತಂದಿಲ್ಲ" ಅಂತಾರೆ ಅಮ್ಮ. ಬೆಳಗಾಗುತ್ತೋ ಇಲ್ಲವೋ ಅನ್ನೋ ಅನುಮಾನ ಅಲ್ಲಿಲ್ಲ. ಇದನ್ನ ಇಫ್ ಹಾಕಿ ಹೇಳಿದ್ರೆ ಕೇಳಿದವರು ಹೆದರಿಕೊಳ್ತಾರೆ. "ಇಫ್ ದ ಬಿಲ್ಡ್ ಕಂಪ್ಲೀಟ್ಸ್, ಐ ವಿಲ್ ಟೆಲ್ ಯು" ಅಂತ ನಾನು ವರ್ಷಗಟ್ಟಲೆ ಬರೆದಿದ್ದೀನಿ. ಮುಗಿದ ಮೇಲೆ ಹೇಳ್ತೀನಿ ಅಂತ ನನ್ನ ಅರ್ಥ. ಮುಗಿಯೋದೇ ಗ್ಯಾರಂಟಿ ಇಲ್ಲ ಅಂತ ಅವರಿಗೆ. ಅಲ್ಲಿ ವೆನ್ ಬೇಕು.

ಅನ್‌ಲೆಸ್ ಬಗ್ಗೆ ಒಂದೇ ಮಾತು. ನಮ್ಮ ಟೀಮಿನ ಸೂಚನೆಗಳ ಪುಟದಲ್ಲಿ ಈ ಸಾಲು ನಾನೇ ಬರೆದದ್ದು, ಎರಡು ವರ್ಷ ಅಲ್ಲೇ ಇತ್ತು: "ಅನ್‌ಲೆಸ್ ಯು ಡೋಂಟ್ ರೀಸ್ಟಾರ್ಟ್, ದ ನ್ಯೂ ಕಾನ್ಫಿಗ್ ವಿಲ್ ನಾಟ್ ಲೋಡ್." ಕನ್ನಡದಲ್ಲಿ "ರೀಸ್ಟಾರ್ಟ್ ಮಾಡದ ಹೊರತು ಲೋಡ್ ಆಗಲ್ಲ" ಅಂತೀವಿ, "ಮಾಡದ"ದಲ್ಲಿ ಇಲ್ಲ ಇದೆ, ಅದಕ್ಕೇ ಡೋಂಟ್ ಬಂತು. ಆದರೆ ಅನ್‌ಲೆಸ್ ಹೊಟ್ಟೆಯೊಳಗೇ ಒಂದು ಇಲ್ಲ ಇರುತ್ತೆ. ಎರಡು ಇಲ್ಲ ಸೇರಿ, ರೀಸ್ಟಾರ್ಟ್ ಮಾಡಿದರೇ ಲೋಡ್ ಆಗಲ್ಲ ಅಂತ ತಿರುಗಾಮುರುಗಾ ಆಗಿತ್ತು. ಪುಣ್ಯಕ್ಕೆ ನಮ್ಮವರೆಲ್ಲ ಕನ್ನಡ, ತೆಲುಗು, ತಮಿಳಿನವರು. ಒಬ್ಬರಿಗೂ ಅದು ತಪ್ಪಾಗಿ ಅರ್ಥ ಆಗಿರಲಿಲ್ಲ!

ನಾಲ್ಕನೇ ದಿನ ಹುಡುಗ ಟೀಗೆ ಬಂದ. ನಾನು ಪುಸ್ತಕದ ವಿಷಯ ಹೇಳಿದೆ. ಮೊದಲು ನಕ್ಕ, ಆಮೇಲೆ "ನಂಗೂ ಹೇಳ್ಕೊಡಿ ಅಕ್ಕ, ಆ ಕಾಲ್‌ನಲ್ಲಿ ಬಾಯಿ ಒಣಗಿಹೋಗಿತ್ತು" ಅಂದ. ಹೇಳ್ಕೊಡೋ ಅಷ್ಟು ನನಗೇ ಬರಲ್ಲ ಅಂದೆ. ಕೊನೆಗೆ ಇಬ್ಬರೂ ಸೇರಿ ಒಂದು ಆಟ ಕಟ್ಟಿಕೊಂಡ್ವಿ. ಒಬ್ಬರು ಕನ್ನಡದಲ್ಲಿ "ರೆ" ಇರೋ ಒಂದು ವಾಕ್ಯ ಹೇಳಬೇಕು. ಇನ್ನೊಬ್ಬರು ಇಂಗ್ಲಿಷಿಗೆ ತಿರುಗಿಸೋ ಮೊದಲು ಕೇಳಬೇಕು: ಆಯ್ತಾ, ಆಗ್ಲಿಲ್ವಾ, ಗೊತ್ತಿಲ್ವಾ?

"ಟ್ರಾಫಿಕ್ ಇಲ್ದಿದ್ರೆ ಒಂಬತ್ತಕ್ಕೇ ಬರ್ತಿದ್ದೆ." ಬಂದ್ಯಾ? ಇಲ್ಲ. ಹಾಗಿದ್ರೆ ಹ್ಯಾಡ್, ವುಡ್ ಹ್ಯಾವ್. "ಟೀ ಆರಿದ್ರೆ ಇನ್ನೊಂದು ಹೇಳ್ತೀನಿ." ಆರಿದ್ಯಾ? ಗೊತ್ತಿಲ್ಲ. ಹಾಗಿದ್ರೆ ಹ್ಯಾಸ್ ಗಾನ್ ಕೋಲ್ಡ್, ವಿಲ್. "ನಾನು ಮ್ಯಾನೇಜರ್ ಆದ್ರೆ ಸೋಮವಾರದ ಕಾಲ್ ತೆಗೆದುಹಾಕ್ತೀನಿ." ಇದಕ್ಕೆ ಮಾತ್ರ ಜಗಳ ಆಯ್ತು. ಆಗ್ತೀನಿ ಅನ್ನೋ ನಂಬಿಕೆ ಇದ್ದರೆ ಬಿಕಮ್ ಮತ್ತು ವಿಲ್, ಇಲ್ಲದಿದ್ದರೆ ಬಿಕೇಮ್ ಮತ್ತು ವುಡ್. ಅವನು ವಿಲ್ ಅಂದ. ನಾನು ವುಡ್ ಅಂತ ತಿದ್ದೋಕೆ ಹೋಗಿ ಸುಮ್ಮನಾದೆ. ಅವನ ನಂಬಿಕೆ ತಿದ್ದೋಕೆ ನಾನ್ಯಾರು?

ದಿನಕ್ಕೆ ಹತ್ತು ನಿಮಿಷದ ಆಟ ಇದು, ಒಂದು ತಿಂಗಳು ಮಾಡಿದ್ವಿ. ಅಪ್ಪಿತಪ್ಪಿ ಅವನು ಒಂದ್ಸಲ "ಇಫ್ ಐ ವುಡ್ ಹ್ಯಾವ್ ನೋನ್" ಅಂದಾಗ ನಾನು ಹಿಡಿದೆ. ಅದನ್ನ ಅಮೆರಿಕದವರೇ ಎಷ್ಟೋ ಜನ ಮಾತಲ್ಲಿ ಹಾಗೆ ಹೇಳ್ತಾರೆ. ಹೇಳಲಿ ಬಿಡಿ, ಅವರು ಹೇಳಿದರೆ ಆಡುಮಾತು, ನಾವು ಹೇಳಿದರೆ ಇಂಗ್ಲಿಷ್ ಬರಲ್ಲ.

ಹೋದ ತಿಂಗಳು ಅಪ್ಪ ಫೋನ್ ಮಾಡಿದ್ದರು. ತಿಪಟೂರಿನ ಹತ್ತಿರ ನಮ್ಮೂರು, ಕೊಬ್ಬರಿ ಮನೆಯವರು. ಕೊಬ್ಬರಿ ಬೆಳೆಯೋರಷ್ಟು ಥರ್ಡ್ ಕಂಡಿಷನಲ್ ಬಳಸೋರು ಪ್ರಪಂಚದಲ್ಲಿ ಬೇರೆ ಇರಲಾರರು. "ಇನ್ನೊಂದು ಹದಿನೈದು ದಿನ ಮಾರದೇ ಇಟ್ಕೊಂಡಿದ್ದಿದ್ರೆ ಕೈತುಂಬ ಸಿಗ್ತಿತ್ತು ಕಣಮ್ಮ." ನಾನು ಅಭ್ಯಾಸಬಲದಿಂದ ಮನಸ್ಸಲ್ಲೇ ಹ್ಯಾಡ್ ಕೆಪ್ಟ್, ವುಡ್ ಹ್ಯಾವ್ ಗಾಟ್ ಅಂದ್ಕೊಂಡೆ. ಮಾತು ಆಫೀಸಿನ ಕಡೆ ತಿರುಗಿತು, ಮೇಲಿನ ಕಥೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು:

"ಅವತ್ತು ಸಾಲ ಮಾಡಿಯಾದ್ರೂ ನಿನ್ನ ಕಾನ್ವೆಂಟಿಗೆ ಹಾಕಿದ್ದಿದ್ರೆ, ಈಗ ನಿಂಗೆ ಈ ಒದ್ದಾಟ ಇರ್ತಿರ್ಲಿಲ್ಲ."

ಮರ್ಫಿಯ ಪುಸ್ತಕ ಮುಂದೇ ಇತ್ತು. ಅರ್ಧ ಅಂದಿನದು, ಅರ್ಧ ಇಂದಿನದು ಇರೋ ವಾಕ್ಯ, ಮಿಕ್ಸೆಡ್ ಕಂಡಿಷನಲ್ ಅಂತಾರೆ. ಆ ಕಡೆ ಹ್ಯಾಡ್ ಸೆಂಟ್, ಈ ಕಡೆ ವುಡಂಟ್ ಬಿ. ವುಡಂಟ್ ಹ್ಯಾವ್ ಬೀನ್ ಅಲ್ಲ, ಯಾಕಂದ್ರೆ ಒದ್ದಾಟ ಇನ್ನೂ ಮುಗಿದಿಲ್ಲ. ಒಳ್ಳೇ ಉದಾಹರಣೆ ಅಂತ ಬರ್ಕೊಳ್ಳೋಕೆ ಪೆನ್ನು ತಗೊಂಡವಳು ಹಾಗೇ ಕೆಳಗಿಟ್ಟೆ. ಆಗ್ಲಿಲ್ಲ ಅಂತ ಗೊತ್ತಿದ್ದೂ ಇಪ್ಪತ್ತು ವರ್ಷದಿಂದ ಅಪ್ಪ ಆ "ಹಾಕಿದ್ದಿದ್ರೆ"ಯನ್ನ ಇಟ್ಕೊಂಡು ತಿರುಗ್ತಿದ್ದಾರೆ ಅಂತ ನನಗೆ ಅವತ್ತಿನ ತನಕ ಗೊತ್ತಿರಲಿಲ್ಲ.

"ಅಪ್ಪಾ, ಕಾನ್ವೆಂಟಲ್ಲಿ ಓದಿದವರೂ ಇದೇ ತಪ್ಪು ಮಾಡ್ತಾರೆ. ನಿಜವಾಗ್ಲೂ" ಅಂದೆ. ಸುಳ್ಳಲ್ಲ, ದಿನಾ ನೋಡ್ತೀನಿ.

"ಹೌದಾ?" ಅಂದರು. ಸ್ವಲ್ಪ ಸಮಾಧಾನ ಆದ ದನಿ. "ಸರಿ, ಊಟ ಮಾಡಿದ್ರೆ ಮಲಕ್ಕೋ. ಮಾಡಿದ್ಯಾ?"

ಹುಡುಗನ ಕನ್ಫರ್ಮೇಶನ್ ಬಂತು. ಈಗ ಪ್ರೊಡಕ್ಷನ್‌ನಲ್ಲಿ ಏನಾದ್ರೂ ಆದರೆ ಮೇಲ್ ಕಳಿಸೋ ಮೊದಲು ಇಬ್ಬರೂ ಒಬ್ಬರದ್ದೊಬ್ಬರು ಓದ್ತೀವಿ. ಮೊನ್ನೆ ಗುರುವಾರ ರಾತ್ರಿ ಸರ್ವರ್ ನಿಧಾನ ಆಗಿ, ನಾನು ಅವಸರದಲ್ಲಿ ಆರು ಸಾಲು ಬರೆದು ಅವನಿಗೆ ಕಳಿಸಿದೆ. ಚಾಟ್‌ನಲ್ಲಿ ಉತ್ತರ ಬಂತು:

"ಅಕ್ಕಾ, ಮೂರನೇ ಸಾಲಲ್ಲಿ ಒಂದು ಇಫ್ ಇದೆ. ಆಯ್ತಾ, ಆಗ್ಲಿಲ್ವಾ, ಗೊತ್ತಿಲ್ವಾ?"

ಮತ್ತೆ ಓದಿದೆ. "ಇಫ್ ದ ಕ್ಯಾಶ್ ವಾಸ್ ಕ್ಲಿಯರ್ಡ್ ಅಟ್ 9." ಒಂಬತ್ತಕ್ಕೆ ಕ್ಯಾಶ್ ಕ್ಲಿಯರ್ ಆಗಿದೆಯೋ ಇಲ್ಲವೋ ನಮಗೆ ನಿಜವಾಗಿಯೂ ಗೊತ್ತಿರಲಿಲ್ಲ, ಲಾಗ್ ಬರೋದು ಇನ್ನೂ ಬಾಕಿ ಇತ್ತು.

"ಗೊತ್ತಿಲ್ಲ ಕಣೋ" ಅಂತ ಟೈಪ್ ಮಾಡಿದೆ.

"ಹಂಗಾದ್ರೆ ಸರಿ ಇದೆ. ಕಳಿಸಿ."